ಹನ್ನೊಂದು ಮುಖದ ಇಟ್ಟಿಗೆ

ಮೇಷ್ಟ್ರು ಕರಿಹಲಗೆಯ ಮೇಲೆ ಇಟ್ಟಿಗೆಯ ಚಿತ್ರ ಬರೆದು, ಇದಕ್ಕೆಷ್ಟು ಮುಖ ಎಂದು ಕೇಳಿದರು. ನಾನು ಎದ್ದು ನಿಂತು ಹನ್ನೊಂದು ಎಂದೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ನಕ್ಕವರಲ್ಲಿ ಒಬ್ಬರಾದರೂ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೋಡಿದ್ದರೇ?

ಅರವತ್ತರ ದಶಕದ ಆರಂಭ ಅದು. ಅಮ್ಮ ಬಂಗಾರಪೇಟೆಯ ಹೊರಗೆ, ರೈಲು ಹಳಿಯ ಆಚೆಗಿದ್ದ ಇಟ್ಟಿಗೆ ಗೂಡಿನಲ್ಲಿ ಅಚ್ಚಿಗೆ ಮಣ್ಣು ತುಂಬಿ ಇಟ್ಟಿಗೆ ಕೊಯ್ಯುತ್ತಿದ್ದಳು. ಲಾರಿಯಲ್ಲಿ ಚಿನ್ನದ ಗಣಿಯ ಉರಿಗಾಂ ಕಡೆಗೆ ಹೋಗುತ್ತಿದ್ದ ಆ ಇಟ್ಟಿಗೆಗಳ ಒಂದು ಮುಖದ ನಡುವೆ, ಗಾರೆ ಹಿಡಿಯಲೆಂದು, ಪೆಟ್ಟಿಗೆಯಂಥ ಸಣ್ಣ ಹಳ್ಳ ಇರುತ್ತಿತ್ತು. ಹೊರಗಿನ ಮುಖ ಆರು, ಹಳ್ಳದ ಗೋಡೆ ನಾಲ್ಕು, ತಳ ಒಂದು. ಅಂಚು ಇಪ್ಪತ್ತನಾಲ್ಕು, ಮೂಲೆ ಹದಿನಾರು. ಬೆರಳಿಟ್ಟು ಎಣಿಸಿದ್ದೆ. ಪುಸ್ತಕದಲ್ಲಿ ನೋಡಿದರೆ ಆರು, ಹನ್ನೆರಡು, ಎಂಟು. ಸುಳ್ಳು ಹೇಳುತ್ತಿರುವುದು ಪುಸ್ತಕವೋ ಇಟ್ಟಿಗೆಯೋ ತಿಳಿಯದೆ ತಲೆ ಕೆಟ್ಟುಹೋಯಿತು.

"ಸೋಮವಾರ ಬಾಯಿಪರೀಕ್ಷೆ. ಇಟ್ಟಿಗೆ ತಂದು ನನ್ನೆದುರೇ ಎಣಿಸು. ಆಗಲೂ ಹನ್ನೊಂದು ಅಂದ್ರೆ ಫೇಲು" ಎಂದರು ಮೇಷ್ಟ್ರು.

ಫೇಲಾದರೆ ಸ್ಕೂಲು ಬಿಡಿಸಿ ನನ್ನನ್ನೂ ಗೂಡಿನ ಕೆಲಸಕ್ಕೆ ಹಚ್ಚುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಹೆದರಿಕೊಂಡು ಅಮ್ಮನಿಗೆ ಹೇಳಿದೆ. ಅವಳಿಗೆ ನನಗಿಂತ ಹೆಚ್ಚು ಗೊಂದಲ.

"ಆರು ಮುಖದ್ದಾ? ಅದ್ಯಾವ ಊರಿನ ಇಟ್ಟಿಗೇನೇ? ಅಳ್ಳ ಇಲ್ದಿದ್ರೆ ಗಾರೆ ಎಂಗೆ ಇಡೀತದೆ? ನಿಮ್ಮ ಮೇಷ್ಟ್ರು ಯಾವತ್ತಾನ ಗೋಡೆ ಕಟ್ಟವ್ರಾ?"

ಒಲೆಯ ಮುಂದಿನ ಬೂದಿಯಲ್ಲಿ ಪುಸ್ತಕದ ಇಟ್ಟಿಗೆಯನ್ನು ಬರೆದು ಅವಳಿಗೆ ತೋರಿಸಿದೆ.

ಭಾನುವಾರ ಸಂಜೆ ಅಮ್ಮ ಸೆರಗಿನಲ್ಲಿ ಒಂದು ಇಟ್ಟಿಗೆ ಸುತ್ತಿಕೊಂಡು ಬಂದಳು. ಅದರ ಹಳ್ಳಕ್ಕೆ ಹಸಿ ಮಣ್ಣು ತುಂಬಿ, ಕೈಯಿಂದ ಸವರಿ ಮಟ್ಟ ಮಾಡಿದ್ದಳು.

"ತಗಾ, ಇದನ್ನ ಎಣ್ಸು. ಪುಸ್ತಕದಾಗೆ ಇರೋದನ್ನೇ ಯೋಳು. ನೀನು ಮಾತ್ರ ಗೂಡಿಗೆ ಬರಬ್ಯಾಡ ಕಣೇ" ಎಂದಳು. ಅಲ್ಲಿಯವರೆಗೆ, ನಾನು ಗೂಡಿಗೆ ಬರುವುದೇ ಅವಳಿಗೂ ಬೇಕಾಗಿದೆ ಎಂದುಕೊಂಡಿದ್ದೆ.

ಸೋಮವಾರ ಎಲ್ಲರ ಮುಂದೆ ಎಣಿಸಿದೆ. ಮುಖ ಆರು, ಅಂಚು ಹನ್ನೆರಡು, ಮೂಲೆ ಎಂಟು. ಮೇಷ್ಟ್ರು ತಲೆಯಾಡಿಸಿ ಇಟ್ಟಿಗೆಯನ್ನು ಕೈಗೆ ತೆಗೆದುಕೊಂಡರು. ಒಣಗಿದ ಮಣ್ಣಿನ ಮೇಲೆ ಅಮ್ಮನ ನಾಲ್ಕು ಬೆರಳು ಉದ್ದಕ್ಕೆ ಮೂಡಿದ್ದವು.

"ಇದೇನಿದು ಗೆರೆ?"

"ಅದನ್ನ ಎಣಿಸಂಗಿಲ್ಲ ಸಾರ್" ಎಂದುಬಿಟ್ಟೆ.

ಯಾಕೆ ಹಾಗೆಂದೆನೋ ಈಗಲೂ ಗೊತ್ತಿಲ್ಲ. ಪಾಸಾದೆ. ಮರುದಿನ ಬೆಳಿಗ್ಗೆ ಅಮ್ಮ ಹಳ್ಳದ ಇಟ್ಟಿಗೆ ಕೊಯ್ಯಲು ಹಳಿ ದಾಟಿಕೊಂಡು ಒಬ್ಬಳೇ ಹೋದಳು.