ಹುಲಗೆಮ್ಮನ ಮಾರಿ, ಯಾರದೋ ಮಾತು

ದೇವದುರ್ಗದಲ್ಲಿ ಯಾರಿಗಾದರೂ ನೆಗಡಿ ಬಂದರೆ ಆ ಸುದ್ದಿ ಮೂಗಿಗಿಂತ ಮೊದಲು ಹುಲಗೆಮ್ಮನಿಗೆ ಮುಟ್ಟುತ್ತಿತ್ತು. ಸರ್ಕಾರಿ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದಾಕೆ. ಅರ್ಧ ತಾಲೂಕು ಆಕೆಯ ಕೈಯಲ್ಲೇ ಹುಟ್ಟಿದ್ದು. ಉಳಿದರ್ಧ ಆಕೆಯನ್ನು ಕೇಳಿಕೊಂಡು ಹುಟ್ಟಿದ್ದು. ನಿವೃತ್ತಿಯಾದ ಮೇಲೂ ಜನ ಬಾಗಿಲಿಗೆ ಬಂದು, "ಯವ್ವಾ, ಹೊಟ್ಟಿ ನೋಯಾಕತ್ತೈತಿ, ಯಾವ ಡಾಕ್ಟರ್ ಬಲ್ಲಿ ಹೋಗ್ಲಿ?" ಎನ್ನುತ್ತಿದ್ದರು. ಆಕೆ ತೋರಿಸಿದ ಬಾಗಿಲಿಗೇ ಹೋಗುತ್ತಿದ್ದರು. ಆಕೆಗಿದ್ದ ಆಸ್ತಿ ಅದೊಂದೇ, ಮಾತು.

ಆ ಆಸ್ತಿಯನ್ನು ರಾಯಚೂರಿನ ಹೊಸ ಆಸ್ಪತ್ರೆಯೊಂದು ಹಾಡಹಗಲೇ ಕದ್ದಿತು.

ಈಗೇನು, ಡಾಕ್ಟರನ್ನು ನಾವು ಹುಡುಕುವಂತೆಯೇ ಇಲ್ಲ. ಭತ್ತದ ಧಾರಣೆ ನೋಡೋಣವೆಂದು ಫೋನ್ ತೆರೆದರೆ ಒಬ್ಬ ಡಾಕ್ಟರ್ ಕೈಕಟ್ಟಿ ನಗುತ್ತಾ ನಿಂತಿರುತ್ತಾನೆ. ಬೆರಳಿನಿಂದ ಅವನನ್ನು ಮೇಲೆ ತಳ್ಳಿದರೆ ಕೆಳಗಿನಿಂದ ಇನ್ನೊಬ್ಬ ಎದ್ದು ಬರುತ್ತಾನೆ. ಇಷ್ಟು ಮಂದಿಗೆ ಸಾಲುವಷ್ಟು ರೋಗ ನಮ್ಮ ಜಿಲ್ಲೆಯಲ್ಲಿ ಇಲ್ಲವಲ್ಲ ಎಂದು ನಮಗೇ ನಾಚಿಕೆಯಾಗಬೇಕು.

ಹೋದ ಚಳಿಗಾಲದಲ್ಲಿ ಹುಲಗೆಮ್ಮನ ಬಲ ಮೊಣಕಾಲು ಹಿಡಿದುಕೊಂಡಿತು. ರಾಯಚೂರಿನ ಆ ಹೊಸ ಆಸ್ಪತ್ರೆಗೆ ಹೋದಳು, ಡಾಕ್ಟರ್ ಗುಳಿಗೆ ಬರೆದುಕೊಟ್ಟ. ಹೊರಬರುವಾಗ ಆಸ್ಪತ್ರೆಯ ಪ್ರಚಾರ ನೋಡಿಕೊಳ್ಳುವ ವಿನೋದ ಎಂಬಾತ ಫೋನ್ ಹಿಡಿದು, "ಎರಡು ಮಾತು ಹೇಳ್ರಿ ಅವ್ವಾ" ಎಂದ. ಈಕೆ ಹೇಳಿದ್ದು ಇಷ್ಟೇ: "ಗುಳಿಗಿ ಕೊಟ್ಟಾರ. ನೋವು ಇನ್ನಾ ಅದ. ಕಮ್ಮಿ ಆದ್ರ ಹೇಳ್ತೀನಿ."

ಹದಿನೈದು ದಿನಕ್ಕೆ ವಿಡಿಯೋ ಬಂತು. ಮಾರಿ ಹುಲಗೆಮ್ಮನದು, ಆ ಮುಖದಲ್ಲಿ ಅಲ್ಲಾಡುವ ತುಟಿಯೂ ಆಕೆಯದೇ. ದನಿ ಮಾತ್ರ ಹುಟ್ಟಿದಾಗಿನಿಂದ ಸಕ್ಕರೆಯನ್ನೇ ತಿಂದು ಬೆಳೆದ ಯಾರೋ ಹೆಂಗಸಿನದು: "ನನ್ನ ಮಂಡಿ ನೋವು ಸಂಪೂರ್ಣ ಮಾಯವಾಯಿತು. ತುಂಬಾ ಒಳ್ಳೆಯ ಆಸ್ಪತ್ರೆ. ನೀವೂ ಬನ್ನಿ."

ಹುಲಗೆಮ್ಮನಿಗೆ ಇದು ಗೊತ್ತಾದದ್ದು ಬಡೇಬೀಯಿಂದ. ಅದೇ ದವಾಖಾನೆಯಲ್ಲಿ ಜೊತೆಗೆ ದುಡಿದ ಗೆಳತಿ, ಈಗ ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಫೋನ್ ಮಾಡಿದಳು.

"ಏನ್ ಬೇ ಹುಲಗಿ, ನನ್ನ ಕಾಲು ನೋವಿಗೆ ನಿನ್ ಮಾತು ಕೇಳಿ ಆ ದವಾಖಾನಿಗೆ ಹೋದೆ. ಎರಡೂ ಕಾಲು ಕೊಯ್ಬೇಕಂತ ಹೇಳ್ಯಾರ. ಸೋಮವಾರ ಆಪರೇಶನ್."

"ನಾ ಯಾವಾಗ ಹೇಳಿನಿ ಬೇ?"

"ವಿಡಿಯೋದಾಗ."

ವಿಡಿಯೋದಲ್ಲಿ ಏನಿತ್ತೆಂದು ಬಡೇಬೀ ಹೇಳಿದ ಮೇಲೆ ಹುಲಗೆಮ್ಮ ಕೇಳಿದಳು, "ಮಂಡಿ ಅಂತ ಯಾವತ್ತರ ಅಂದೀನೇನ್ ಬೇ ನಾನು? ನನ್ನ ದನಿ ಗೊತ್ತಾಗ್ಲಿಲ್ಲೇನು ನಿನಗ?"

"ದನಿ ಬ್ಯಾರೆ ಅನಿಸ್ತು. ಟೀವಿಯವರಂಗ ಮಾತಾಡಾಕ ಕಲಿಸ್ಯಾರೇನೋ ಅನ್ಕೊಂಡೆ. ಮಾರಿ ನಿಂದ ಇತ್ತಲ್ಲ, ಮಾರಿ ನಂಬಿದೆ." ಕಡೆಗೆ ಬಡೇಬೀ ಅಂದಳು, "ಇನ್ನ ನಿನ್ ಮಾತು ನಂಗ ಬ್ಯಾಡ." ಫೋನ್ ಇಟ್ಟುಬಿಟ್ಟಳು.

ಮರುದಿನ ಹುಲಗೆಮ್ಮ ರಾಯಚೂರಿನಲ್ಲಿ ಬಸ್ಸಿಳಿದಾಗ ಆಕೆಯ ಸಿಟ್ಟು ನೋಡಿ ಬಿಸಿಲೇ ಓಡಿಹೋಗಿ ನೆರಳಲ್ಲಿ ನಿಂತಿತು. ಆಸ್ಪತ್ರೆಯಲ್ಲಿ ಮೊದಲು ಸಿಕ್ಕವ ವಿನೋದ.

"ಅವ್ವಾ, ನಿಮ್ ಭಾಷಾ ಸ್ವಲ್ಪ ಒರಟು ಅದ. ಅದಕ್ಕ ಬ್ಯಾರೆಯವರ ಕಡೆಯಿಂದ ಹೇಳಿಸೀವಿ."

"ಮಂಡಿ ಅಂದ್ರೇನು?"

"ಮೊಣಕಾಲು ಅವ್ವಾ."

"ನನಗ ಗೊತ್ತಿರೋ ಮಂಡಿ ಅಂಗಡ್ಯಾಗ ಅಕ್ಕಿ ಚೀಲ ಇರ್ತಾವ. ನನ್ನ ಕಾಲಾಗ ಅಕ್ಕಿ ಮಾರ್ತಾರೇನ್ಲೇ? ರಾಯಚೂರು ಮಂದಿಗೆ ರಾಯಚೂರು ಮಾತು ಒರಟಾತೇನು?"

ಗದ್ದಲ ಕೇಳಿ ಡಾಕ್ಟರ್ ಹೊರಗೆ ಬಂದ. "ವಿಡಿಯೋ ನಾನು ನೋಡಿಲ್ಲಮ್ಮಾ. ಅದೆಲ್ಲ ಮಾರ್ಕೆಟಿಂಗ್‌ನವರು ಮಾಡ್ತಾರೆ."

"ನನ್ನ ಮೊಣಕಾಲೂ ಅವ್ರೇ ನೋಡಿದ್ರೇನ್ರಿ ಸಾಹೇಬ್ರ?"

ಡಾಕ್ಟರ್ ಗಡಿಯಾರ ನೋಡಿದ. "ತೆಗೆಸ್ತೀವಿ. ಎರಡು ದಿನ ಬಿಡಿ."

ಎರಡು ದಿನ ಬಿಟ್ಟರೆ ಸೋಮವಾರ. ಅಲ್ಲಿಯವರೆಗೆ ಹುಲಗೆಮ್ಮ ಕಾಯುವವಳಲ್ಲ. ರೋಗಿಗಳು ಕಾಯುವ ಹಾಲಿನಲ್ಲಿ ದೊಡ್ಡ ಟೀವಿಯ ಕೆಳಗೆ ಹೋಗಿ ಕೂತಳು. ಮೇಲೆ ಅವಳದೇ ವಿಡಿಯೋ ತಿರುಗಿ ತಿರುಗಿ ಬರುತ್ತಿತ್ತು. ಗುಂಜಹಳ್ಳಿಯಿಂದ ಬಂದ ಹೆಂಗಸೊಬ್ಬಳು ಮೇಲೊಮ್ಮೆ ಕೆಳಗೊಮ್ಮೆ ನೋಡಿ ಕೇಳಿದಳು, "ಅವ್ವಾ, ಅದು ನೀವ ಅಲ್ಲೇನ್ರಿ?"

"ಮಾರಿ ನಂದು, ಮಾತು ನಂದಲ್ಲ. ನೋವು ಇನ್ನಾ ಅದ. ನೋಡ್ರಿಲ್ಲಿ, ಹಿಡಕೊಳ್ದ ಏಳಾಕ ಬರಂಗಿಲ್ಲ."

ಇದನ್ನೇ ಬಂದವರಿಗೆಲ್ಲ ಹೇಳಿದಳು. ಎದ್ದು ತೋರಿಸಿದಳು, ನರಳಿ ಕೂತಳು. ಕೌಂಟರಿನ ಹುಡುಗಿ ಸುಮ್ಮನಿರಿ ಎಂದಾಗ, "ನಾನೂ ಪ್ರಚಾರನ ಮಾಡಾಕತ್ತೀನಿ ತಂಗಿ" ಎಂದಳು. ಮಧ್ಯಾಹ್ನದ ಹೊತ್ತಿಗೆ ಹಾಲಿನಲ್ಲಿ ಕುರ್ಚಿಗಳು ಮಾತ್ರ ಕಾಯಿಲೆ ಬಿದ್ದಂತೆ ಕೂತಿದ್ದವು. ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಆಯಿತು. ಟೀವಿ ಕಪ್ಪಾಯಿತು, ಫೋನಿನಿಂದಲೂ ಆಕೆಯ ಮಾರಿ ಹೋಯಿತು. ವಿನೋದ ಅದನ್ನು ತೋರಿಸಿದಾಗ ಆಕೆ ನಗಲಿಲ್ಲ, ಶಪಿಸಲೂ ಇಲ್ಲ. ದೇವದುರ್ಗದ ಬಸ್ಸು ಬಿಟ್ಟು ಮಾನ್ವಿಯ ಬಸ್ಸು ಹತ್ತಿದಳು.

ಬಡೇಬೀ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆಯಲಿಲ್ಲ.

"ತಗಸಿದೆ ಬೇ ಅದನ್ನ."

ಬಡೇಬೀ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿದಳು. "ಮಾರಿ ನೋಡಿ ಒಮ್ಮೆ ಕೆಟ್ಟೀನಿ. ಈಗ ಬರೇ ಮಾತಾಡು. ನನ್ನ ಕಾಲಿಗೆ ಏನು ಮಾಡ್ಲಿ?"

"ಕೊಯ್ಸು ಅಂತನೂ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ. ನಾ ಡಾಕ್ಟರ್ ಅಲ್ಲ. ಸೋಮವಾರ ಅಲ್ಲಿಗೆ ಹೋಗಬ್ಯಾಡ. ಇನ್ನೊಬ್ಬ ಡಾಕ್ಟರ್‌ಗೆ ತೋರ್ಸು. ನಾನೂ ಬರ್ತೀನಿ, ನನ್ನ ಮೊಣಕಾಲೂ ತೋರಸ್ಬೇಕು."

ಗೋಡೆ ನೋಡುತ್ತಲೇ ಬಡೇಬೀ ತಲೆಯಾಡಿಸಿದಳು.

"ಹಾಂ, ಮೊಣಕಾಲು ಅಂದಿ. ಇದು ನೀನ" ಎಂದು ತಿರುಗಿ, ಬಾಗಿಲ ಮೆಟ್ಟಿಲು ಹತ್ತಲು ಹುಲಗೆಮ್ಮನಿಗೆ ಕೈ ಕೊಟ್ಟಳು.