ಮೂರನೆಯ ಮೇಜಿನ ಹವಳಗಳು

ಸೊಂಟದ ಮಟ್ಟದ ನೀರಿನಲ್ಲಿ ನಿಂತು ಒಂದು ಕಲ್ಲಿನ ಮೇಲೆ ಕಾಲೂರಲು ಹೊರಟಿದ್ದೆ. ಹಿಂದಿನಿಂದ, ಜೊತೆ ಕೆಲಸ ಮಾಡುವ ಮುತ್ತುಮಾರಿ ಅಕ್ಕ ನನ್ನ ರಟ್ಟೆ ಹಿಡಿದು ಜಗ್ಗಿದರು. "ತುಳೀಬ್ಯಾಡ. ಅದಕ್ಕ ಜೀವ ಐತಿ." ಅವರು ಹೇಳಿದ್ದು ತಮಿಳಿನಲ್ಲಿ. ಆದರೆ ಈಗ ಅವರ ಮಾತೆಲ್ಲ ನನ್ನ ಕಿವಿಗೆ ನಮ್ಮ ಕಡೆಯ ಕನ್ನಡದ ಹಾಗೆಯೇ ಬೀಳುವುದರಿಂದ ಹಾಗೇ ಬರೆಯುತ್ತಿದ್ದೇನೆ.

ರೋಣ ತಾಲ್ಲೂಕಿನ ಯಾವಗಲ್ ನನ್ನೂರು. ಅಲ್ಲಿ ಕಲ್ಲೆಂದರೆ ಹೊಲದಿಂದ ಆರಿಸಿ ಬದುವಿಗೆ ಎಸೆಯುವ ವಸ್ತು. ಗದಗಿನಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿದಾಗಲೂ ನಾನು ಸಮುದ್ರ ನೋಡಿರಲಿಲ್ಲ. ಕೆಲಸ ಸಿಕ್ಕಿದ್ದು ಮಾತ್ರ ತಮಿಳುನಾಡಿನ ರಾಮನಾಥಪುರದ ಕಡೆ, ಹವಳದ ಸಸಿಮಡಿಯೊಂದರಲ್ಲಿ. ಅಲೆಗೆ ಮುರಿದುಬಿದ್ದ ಹವಳದ ತುಂಡುಗಳನ್ನು ಆರಿಸಿ, ಸಿಮೆಂಟಿನ ಬಿಲ್ಲೆಗಳಿಗೆ ಕಟ್ಟಿ, ನೀರೊಳಗಿನ ಕಬ್ಬಿಣದ ಮೇಜುಗಳ ಮೇಲೆ ಬೆಳೆಸುವುದು. ದೊಡ್ಡವಾದ ಮೇಲೆ ಬರಿದಾದ ದಿಬ್ಬಗಳಿಗೆ ಒಯ್ದು ನೆಡುವುದು.

ಹವಳವೆಂದರೆ ನನಗೆ ಅವ್ವನ ತಾಳಿಯಲ್ಲಿದ್ದ ಕೆಂಪು ಮಣಿ ಅಷ್ಟೇ. ಇಲ್ಲಿ ಅದಕ್ಕೆ ಪವಳಂ ಅನ್ನುತ್ತಾರೆ, ದಿಬ್ಬಕ್ಕೆ ಪವಳಪ್ಪಾರೈ. ನಮ್ಮ ಹಾಲು ಇವರ ಪಾಲ್, ನಮ್ಮ ಹಲ್ಲು ಇವರ ಪಲ್. ಹಕಾರ ತೆಗೆದು ಪಕಾರ ಹಾಕುತ್ತ ಅಂಗಡಿಯಲ್ಲಿ ಅರ್ಧ ವ್ಯವಹಾರ ಮಾಡಿ ಬಂದ ದಿನ ಊರು ಗೆದ್ದಷ್ಟು ಖುಷಿಯಾಯಿತು. ಅನ್ನ ಮಾತ್ರ ಒಗ್ಗಲಿಲ್ಲ. ಊರಿಂದ ತಂದ ಜೋಳದ ಹಿಟ್ಟು ಇಲ್ಲಿನ ತೇವಕ್ಕೆ ಮುಗ್ಗಿ ಹೋಯಿತು. ರೊಟ್ಟಿ ಬಡಿಯಲು ಕೂತರೆ ಅಂಚು ಹರಿಯುತ್ತಿತ್ತು. ಅಕ್ಕನ ಮನೆಯ ಹಿಂದಿನ ಕೋಣೆಯೇ ನನ್ನ ಬಾಡಿಗೆ ಮನೆ. ಹರಿದ ರೊಟ್ಟಿಯನ್ನೇ ಅವರು ಮೀನಿನ ಸಾರಿನಲ್ಲಿ ಅದ್ದಿ ತಿಂದು, "ಚಲೋ ಆಗೇತಿ" ಅಂದರು. ನಾನು ಸಾರಿನ ಬಟ್ಟಲು ದೂರ ಸರಿಸಿ ಒಣ ರೊಟ್ಟಿ ತಿಂದೆ.

ಅಕ್ಕ ಮೊದಲು ಕಡಲಪಾಚಿ ಕೀಳುತ್ತಿದ್ದವರು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಕಟ್ಟಿ ಮುಳುಗಿ, ದಿಬ್ಬದಿಂದ ಪಾಚಿ ಕಿತ್ತು ಮಾರಿ ಮಕ್ಕಳನ್ನು ಬೆಳೆಸಿದವರು. ಗಾಜಿನ ಮುಖವಾಡ ಹಾಕಿ ನೀರಿನಲ್ಲಿ ಮುಖವಿಡಲು ನನಗೆ ಕಲಿಸಿದ್ದೂ ಅವರೇ. ಮೊದಲ ಸಲ ಕೆಳಗೆ ನೋಡಿದಾಗ ಕಂದು ಬಣ್ಣದ ಕೊಂಬೆಗಳು, ಅವುಗಳ ಮೇಲೆ ಸಾಸಿವೆಯಷ್ಟು ಬಾಯಿಗಳು. ಆ ಪುಟ್ಟ ಜೀವಿಗಳೇ ಸುಣ್ಣದ ಮನೆ ಕಟ್ಟುತ್ತವೆ. ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಇಟ್ಟುಕೊಂಡಿರುತ್ತವೆ. ಬಣ್ಣವೂ ಬಹುಪಾಲು ಊಟವೂ ಅದರದೇ.

ಬೇಸಿಗೆ ಬಂತು. ನಮ್ಮಲ್ಲಿ ಎರೆ ಹೊಲ ಬಿರುಕು ಬಿಟ್ಟರೂ ಒಂದು ಮಳೆಗೆ ಕೂಡಿಕೊಳ್ಳುತ್ತದೆ. ಇಲ್ಲಿ ನೀರು ಕೊಂಚ ಬಿಸಿಯಾದರೆ ಸಾಕು, ಹವಳ ತನ್ನ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಆಗಲೂ ಅದು ಸತ್ತಿರುವುದಿಲ್ಲ. ನೀರು ಬೇಗ ತಣಿದರೆ ಬಣ್ಣ ಮರಳಬಹುದು. ಆದರೆ ಎರಡನೆಯ ಮೇಜಿನಲ್ಲಿ ನಾನು ಕಂಡದ್ದು ಬೇರೆ. ಬುಡದಿಂದ ಮೇಲಕ್ಕೆ ಪಟ್ಟಿ ಎಳೆದ ಹಾಗೆ ಬಿಳುಪು, ಅದರ ಅಂಚಿನಲ್ಲಿ ಕಳಚುತ್ತಿದ್ದ ಚರ್ಮ. ಬಿಸಿಲಿನ ಬಿಳುಪೇ ಅಂದುಕೊಂಡು ಬೆಳ್ಳಗಾದ ಕೊಂಬೆಗಳನ್ನು ಕತ್ತರಿಸಿದೆ. ಗಾಳಿ ಎದ್ದಿತ್ತು, ದೋಣಿಯವರು ಕರೆಯುತ್ತಿದ್ದರು. ಮೇಜಿನಿಂದ ಮೇಜಿಗೆ ಹೋಗುವಾಗ ಕತ್ತರಿಯನ್ನು ಔಷಧಿ ನೀರಿನಲ್ಲಿ ತೊಳೆಯಬೇಕೆಂಬುದು ನಿಯಮ. ನಾನು ಸಮುದ್ರದಲ್ಲೇ ಆಡಿಸಿ, ಅದೇ ಕತ್ತರಿಯಿಂದ ಮೂರನೆಯ ಮೇಜಿನ ಕೊಂಬೆಗಳನ್ನೂ ಸವರಿದೆ.

ದಡಕ್ಕೆ ಬಂದು ಎರಡನೆಯ ಮೇಜಿನ ಫೋಟೋಗಳನ್ನು ಸಸಿಮಡಿ ನೋಡಿಕೊಳ್ಳುವ ಮೇಡಮ್‌ಗೆ ತೋರಿಸಿದಾಗ, ಅದು ಬಿಸಿಲಿನ ಬಿಳುಪಲ್ಲ, ರೋಗ ಎಂದರು. ಸಂಜೆ ಊರಿನಿಂದ ಅಣ್ಣನ ಫೋನ್ ಬಂತು. ಅವನು ಕುರಿ ಸಾಕುತ್ತಾನೆ.

"ಯಣ್ಣಾ, ಇಲ್ಲಿ ಒಂದು ಮೇಜಿಗೆ ಜಡ್ಡು ಬಂದೈತಂತ. ಮೇಡಮ್ಮಾರು ಫೋಟೋ ನೋಡಿ ಹೇಳಿದ್ರು."

"ಮುಟ್ಟಿದ್ರ ಹಬ್ಬತೈತೇನು?"

"ಹಬ್ಬಬಹುದು ಅಂತಾರ."

"ಹಂಗಾದ್ರ ಮದಲ ಚಲೋವು ನೋಡಕೋಬೇಕು, ಕಡೀಕ ಜಡ್ಡಿನವು ಮುಟ್ಟಬೇಕು. ಕುರಿಗೆ ಸಿಡುಬು ಬಂದಾಗ ನಾವು ಹಿಂಗ ಮಾಡತೀವಿ. ಜಡ್ಡಿನ ಕುರಿ ಹಿಡಿದ ಕೈಲೆ ಮರಿ ಮುಟ್ಟಂಗಿಲ್ಲ. ನೀ ಹ್ಯಾಂಗ ಮಾಡಿದಿ ತಂಗೀ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಮರುದಿನ ಹೇಳಬೇಕೆಂದುಕೊಂಡೆ. ಕೆಲಸ ಹೋದರೆ, ಇಷ್ಟು ದೂರ ಕಳಿಸಿದವರಿಗೆ ಏನು ಹೇಳಲಿ ಅನ್ನಿಸಿತು. ಹೇಳಲಿಲ್ಲ. ಪ್ರತಿದಿನ ಎಲ್ಲರಿಗಿಂತ ಮೊದಲು ಮೂರನೆಯ ಮೇಜಿಗೆ ಇಳಿದು ಒಂದೊಂದೇ ಕೊಂಬೆಯ ಬುಡ ನೋಡುತ್ತಿದ್ದೆ. ಏನೂ ಕಾಣದಿದ್ದರೆ ಆ ದಿನದ ಊಟ ಒಳಗೆ ಹೋಗುತ್ತಿತ್ತು. ಐದನೆಯ ದಿನ ಕಂಡಿತು, ಬೆರಳಗಲದ ಬಿಳಿ ಪಟ್ಟಿ. ಮೇಲೆ ಬಂದು ಮುಖವಾಡ ಕಿತ್ತು ದೋಣಿಯಲ್ಲಿದ್ದ ಮೇಡಮ್‌ಗೆ ಎಲ್ಲವನ್ನೂ ಹೇಳಿದೆ.

ಮೇಡಮ್ ಬಯ್ಯಲಿಲ್ಲ. "ಅವತ್ತೇ ಹೇಳಿದ್ದರೆ ಅವತ್ತೇ ಮೇಜು ಬೇರೆ ಮಾಡಬಹುದಿತ್ತು" ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆ ಮೇಜಿನ ಬಿಲ್ಲೆಗಳನ್ನೆಲ್ಲ ಕಟ್ಟಿದ್ದು ಮುತ್ತುಮಾರಿ ಅಕ್ಕ. ರೋಗದ ತುಂಡುಗಳನ್ನು ಕಿತ್ತು ಚೀಲಕ್ಕೆ ತುಂಬುವಾಗ ಅವರು ನನ್ನ ಕಡೆ ನೋಡಲಿಲ್ಲ. ಮನೆಯಲ್ಲಿ ಮೂರು ದಿನ ತಟ್ಟೆ ಮಾತ್ರ ಹೊತ್ತಿಗೆ ಸರಿಯಾಗಿ ಬಾಗಿಲ ಬಳಿ ಇರುತ್ತಿತ್ತು. ನಾಲ್ಕನೆಯ ಬೆಳಿಗ್ಗೆ, "ಕತ್ತರಿ ತೊಳಕೊಂಡು ಬಾ" ಅಂದರು.

"ನಾ ಇನ್ನ ಮುಟ್ಟಂಗಿಲ್ಲ ಅಕ್ಕಾ."

"ನೀ ಕುಂತರ ಅವು ಬದುಕತಾವೇನು? ಬಾ."

ಮಳೆಗಾಳಿ ಬಂದು ನೀರು ತಣಿಯುವ ಹೊತ್ತಿಗೆ ಆ ಮೇಜಿನ ಅರ್ಧದಷ್ಟು ಬರೀ ಸುಣ್ಣವಾಗಿತ್ತು. ಉಳಿದರ್ಧಕ್ಕೆ ನಿಧಾನವಾಗಿ ಕಂದು ಬಣ್ಣ ಬಂತು. ಹೋದವು ನನ್ನ ಕತ್ತರಿಯಿಂದಲೋ, ಬಿಸಿಗೆ ಸೋತು ತಾವಾಗಿಯೇ ಜಡ್ಡು ಬಿದ್ದವೋ, ಯಾರೂ ಖಚಿತವಾಗಿ ಹೇಳಲಾರರು. ಯಾರಾದರೂ ಹೇಳಿಬಿಟ್ಟಿದ್ದರೆ ಹಗುರಾಗುತ್ತಿದ್ದೆನೇನೋ. ಈಗ ದಿನಕ್ಕೊಮ್ಮೆಯಾದರೂ ಅದನ್ನೇ ಕೇಳಿಕೊಳ್ಳುತ್ತೇನೆ.

ಮುಂದಿನ ಬೇಸಿಗೆಯಲ್ಲಿ ರಜೆಗೆ ಯಾವಗಲ್‌ಗೆ ಹೋದಾಗ ಬಸ್ಸಿಳಿದ ಕೂಡಲೇ ಒಣ ಗಾಳಿ ಮುಖಕ್ಕೆ ಹೊಡೆಯಿತು. ಹಿತವಾಯಿತು, ಹಿಂದೆಯೇ ಹೆದರಿಕೆಯೂ ಆಯಿತು. ಇಲ್ಲಿ ಇಷ್ಟು ಝಳವಿದ್ದರೆ ಅಲ್ಲಿ ನೀರು ಹೇಗಿದೆಯೋ. ಬಿಸಿ ರೊಟ್ಟಿ ಮುಂದಿಟ್ಟುಕೊಂಡು ಅಕ್ಕನಿಗೆ ಫೋನ್ ಹಚ್ಚಿದೆ. ನಾನು ತಮಿಳಿನಲ್ಲಿ ಮಾತಾಡುವುದನ್ನು ಕೇಳುತ್ತ ಕೂತಿದ್ದ ಅಣ್ಣ, ಫೋನ್ ಇಟ್ಟ ಮೇಲೆ ಕೇಳಿದ:

"ನಿಮ್ಮೂರಾಗ ನೀರು ತಣ್ಣಗೈತೇನವಾ?"

"ಇನ್ನೂ ಇಲ್ಲಂತ" ಅಂದೆ.

ಯಾವ ಊರು ಎಂದು ನಾನೂ ಕೇಳಲಿಲ್ಲ, ಅವನೂ ತಿದ್ದಿಕೊಳ್ಳಲಿಲ್ಲ.