ಬೆಲ್ಲ ಸುಣ್ಣ ಮೆತ್ತಿದ ಆಂಟೆನಾ

ಬೂಸ್ಟರಿಗೆ ಇನ್ನೂರೈವತ್ತು, ಸ್ಟೆಬಿಲೈಸರಿಗೆ ಆರುನೂರು, ಹೊಸ ವೈರಿಗೆ ತೊಂಬತ್ತು. ಹದಿನಾರು ಎಂಬ ಊರಿನ ಒಂದು ಮನೆಯಲ್ಲಿ ಟೀವಿ ಚಿತ್ರ ಸರಿಮಾಡಲು ಹೋಗಿ ಆದ ಖರ್ಚು ಇದು. ಅಷ್ಟಕ್ಕೂ ಕಾರಣ ಒಂದು ನಿಂಬೆಹಣ್ಣಿನ ಗಾತ್ರದ ಬೆಲ್ಲ, ಅದಕ್ಕೆ ಕಲಸಿದ ಸುಣ್ಣ. ಬೂಸ್ಟರು, ಸ್ಟೆಬಿಲೈಸರು ಎರಡನ್ನೂ ಆಮೇಲೆ ನಾನು ವಾಪಸ್ ಪಡೆದು ದುಡ್ಡು ಕೊಟ್ಟೆ. ಕೊಡಲಾಗದೆ ಉಳಿದದ್ದು ಒಂದು ಭಾನುವಾರದ ಸಂಜೆ.

1995ರ ಸುಮಾರು. ನಂಜನಗೂಡಿನಲ್ಲಿ ನನ್ನದೊಂದು ಟೀವಿ ರಿಪೇರಿ ಅಂಗಡಿ. ರೇಡಿಯೋ ಬಿಚ್ಚಿ ಜೋಡಿಸುತ್ತ ಕಲಿತ ವಿದ್ಯೆ, ಚೌಕಾಸಿ ಮಾಡುತ್ತ ಕಟ್ಟಿದ ವ್ಯಾಪಾರ. ಈ ಕಡೆ ಹದಿನಾರು, ಆ ಕಡೆ ನರಸೀಪುರ, ತಲಕಾಡಿನವರೆಗೂ ನಾನು ನಿಲ್ಲಿಸಿದ ಆಂಟೆನಾಗಳಿದ್ದವು. ಚಾನೆಲ್ ಒಂದೇ. ಬೆಂಗಳೂರಿನ ಕಾರ್ಯಕ್ರಮ ಮೈಸೂರಿನ ಮರುಪ್ರಸಾರದ ಟವರಿನಿಂದ ನಮಗೆ ಬರುತ್ತಿತ್ತು. ಆಂಟೆನಾ ಹಾಕಿದಾಗಲೆಲ್ಲ ಒಂದು ವರ್ಷ ಗ್ಯಾರಂಟಿ ಕೊಡುತ್ತಿದ್ದೆ. ಜೊತೆಗೆ ಬೀದಿಗೆಲ್ಲ ಕೇಳುವಂತೆ ಒಂದು ಮಾತನ್ನೂ ಹೇಳುತ್ತಿದ್ದೆ: "ಬೇರೆ ಯಾರ ಕೈ ಬಿದ್ದರೂ ಗ್ಯಾರಂಟಿ ಇಲ್ಲ." ಹೇಳದಿದ್ದರೆ ಜನ ಬಿದಿರ ಗಳುವಿನಿಂದ ಆಂಟೆನಾ ತಿರುವಿ ಕೆಡಿಸಿ, ಪುಕ್ಕಟೆ ರಿಪೇರಿಗೆ ಕರೆಯುತ್ತಿದ್ದರು.

ಮಹದೇವ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹದಿನಾರಿನಲ್ಲಿ ಅವನ ಕೇರಿಗೆ ಮೊದಲ ಟೀವಿ ತಂದವನು ಅವನೇ. ಅದುವರೆಗೆ ಕೇರಿಯವರು ಟೀವಿ ನೋಡಬೇಕೆಂದರೆ ಮೇಲಿನ ಬೀದಿಗೆ ಹೋಗಿ, ಅಂಗಳದಲ್ಲಿ ನಿಂತು, ಕಿಟಕಿಯಿಂದ ಇಣುಕಬೇಕಿತ್ತು. "ನಮ್ಮವ್ವ ಇನ್ಮೇಲೆ ಕುಂತ್ಕೊಂಡು ನೋಡ್ಲಿ ಸಾ" ಎಂದು ಹೇಳಿ ಕಪ್ಪು ಬಿಳುಪಿನ ಸೆಟ್ ಕೊಂಡಿದ್ದ. ಆಂಟೆನಾ ಹಾಕಿದವನು ನಾನು.

ಅವನ ತಾಯಿ ಪುಟ್ಟಸಿದ್ದಮ್ಮ ಸೋಬಾನೆ ಪದಕ್ಕೆ ಹೆಸರಾದವರು. ಅವರಿಲ್ಲದೆ ಆ ಸುತ್ತಿನಲ್ಲಿ ಚಪ್ಪರದ ಶಾಸ್ತ್ರ ನಡೆಯುತ್ತಿರಲಿಲ್ಲ. ಆ ವರ್ಷ ಅವರನ್ನೂ ಇನ್ನು ಐದು ಮಂದಿ ಹೆಂಗಸರನ್ನೂ ಬೆಂಗಳೂರಿಗೆ ಕರೆಸಿ ಟೀವಿಗಾಗಿ ಪದ ಹಾಡಿಸಿದ್ದರು. ಪ್ರಸಾರ ಭಾನುವಾರ ಸಂಜೆ ಆರೂವರೆಗೆ, ಒಂದೇ ಸಲ. ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಳ್ಳುವ ಯಂತ್ರ ಕೇರಿಯಲ್ಲಿ ಯಾರ ಬಳಿಯೂ ಇರಲಿಲ್ಲ.

ಆ ವಾರವೇ ಮಹದೇವ ಅಂಗಡಿಗೆ ಬಂದ. "ಮಧ್ಯಾಹ್ನ ಕನ್ನಡಿ ಇದ್ದಂಗ್ ಬತ್ತದೆ ಸಾ. ಸಂಜೆ ಆದ್ರೆ ಬರೀ ಉಳ."

ಹುಳ ಎಂದರೆ ಪರದೆಯ ಮೇಲೆ ಮುಸುಕುವ ಚುಕ್ಕೆಗಳು. ಸಂಜೆ ಊರೆಲ್ಲ ದೀಪ ಹಾಕುತ್ತದೆ, ಪಂಪ್‌ಸೆಟ್ ಓಡುತ್ತವೆ, ವೋಲ್ಟೇಜ್ ಇಳಿಯುತ್ತದೆ. ಇದು ಅದೇ ಇರಬೇಕೆಂದು ಸ್ಟೆಬಿಲೈಸರ್ ಕೊಟ್ಟು ಕಳಿಸಿದೆ. ಗುಣವಾಗಲಿಲ್ಲ. ಎರಡು ದಿನ ಬಿಟ್ಟು ನಾನೇ ಹೋಗಿ ವೈರು ಬದಲಿಸಿ, ಬೂಸ್ಟರ್ ಹಾಕಿದೆ. ಆಂಟೆನಾಗೆ ವೈರು ಕೂಡುವ ಮೇಲಿನ ತುದಿಯ ಗಂಟನ್ನು ಬಿಚ್ಚದೆ, ಸೂರಿನ ಹತ್ತಿರವೇ ಹಳೆಯ ತುಂಡಿಗೆ ಹೊಸ ವೈರು ಸೇರಿಸಿದ್ದೆ. ಹೆಂಚು ಹಳೆಯದು, ಹತ್ತಿದರೆ ಒಡೆಯುತ್ತದೆ.

"ಮೇಲೆ ಯಾರಾದರೂ ಕೈ ಹಾಕಿದ್ದೀರಾ?" ಎಂದು ಕೇಳಿದ್ದೆ.

"ಇಲ್ಲ ಸಾ, ಯಾರೂ ಮುಟ್ಟಿಲ್ಲ" ಎಂದಿದ್ದ ಮಹದೇವ. ಆಗ ಮಧ್ಯಾಹ್ನ. ಚಿತ್ರವೂ ಚೆನ್ನಾಗಿಯೇ ಬಂತು.

ಭಾನುವಾರ ಐದು ಗಂಟೆಗೆ ಮತ್ತೆ ಕರೆ ಬಂತು. ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ತುಂತುರು ಮಳೆ ಹಿಡಿದಿತ್ತು. ಮನೆ ತುಂಬ ಜನ. ಪುಟ್ಟಸಿದ್ದಮ್ಮ ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ಟೀವಿಯ ಎದುರು ಮಂದಲಿಗೆ ಚಾಪೆ ಹಾಸಿ ಕೂತಿದ್ದರು.

"ಅತ್ತೆ, ಟೀವಿಯವ್ರ್ ಮುಂದೆ ಎಲೆ ಅಡ್ಕೆ ಅಗೀತಾ ಕುಂತಿದ್ದಾ?" ಪಕ್ಕದ ಮನೆ ಹೆಂಗಸು ಕಿಚಾಯಿಸಿದಳು.

"ಉಗ್ಸ್‌ಬುಟ್ಟೇ ಕೂರ್ಸಿದ್ದು ಕಣವ್ವ. ನೋಡೀವಂತೆ, ನಾನು ನಿನ್ಗಿಂತ ಚೆಂದಾಗೇ ಕಾಣ್ತೀನಿ."

ಪರದೆ ತುಂಬ ಹುಳ. ನಾನು ಬೂಸ್ಟರ್ ತಿರುವಿದೆ, ವೋಲ್ಟೇಜ್ ನೋಡಿದೆ, ಹೊಸ ವೈರನ್ನು ಮೊಳ ಮೊಳವಾಗಿ ತಡಕಿದೆ. ಯಾರೋ, "ಮೇಲಿನ ಬೀದಿಗೆ ಓಗ್ಬುಡಾವಾ?" ಅಂದರು. ಮಹದೇವ ನನ್ನ ಮುಖ ನೋಡಿದ. "ಐದು ನಿಮಿಷ" ಎಂದೆ. ಅಷ್ಟರಲ್ಲಿ ಆರೂವರೆ ಆಯಿತು. ಮಬ್ಬಿನೊಳಗೆ ಆರು ನೆರಳು ಅಲುಗಿದವು. ಗೊರಗೊರ ಸದ್ದಿನ ನಡುವೆ ಪದ ಶುರುವಾಯಿತು. ದನಿ ಪುಟ್ಟಸಿದ್ದಮ್ಮನದೇ.

ಅವರು ಪರದೆಯಿಂದ ಕಣ್ಣು ತೆಗೆಯದೆ ಮಗನನ್ನು ಕೇಳಿದರು. "ಲೇ ಮಾದೇವ, ಮೇಲೆ ಮೆತ್ತಿದ್ದ ಬೆಲ್ಲ ಸುಣ್ಣ ಕರಗೋಯ್ತೇನ್ಲಾ?"

ಮಹದೇವ ತಲೆ ತಗ್ಗಿಸಿದ. ಮಳೆ ನೀರು ವೈರಿನ ಗಂಟಿಗೆ ಇಳಿದೀತೆಂದು, ಗಡಿಗೆಯ ಬಿರುಕಿಗೆ ಮೆತ್ತುವ ಹಾಗೆ, ತಾಯಿ ಹೇಳಿದಂತೆ ಅವನೇ ಹತ್ತಿ ಬೆಲ್ಲ ಸುಣ್ಣ ಮೆತ್ತಿದ್ದ. "ಗ್ಯಾರಂಟಿ ಓಯ್ತದೆ ಅಂತ ಏಳ್ಲಿಲ್ಲ ಸಾ" ಎಂದ.

ಗಡಿಗೆಗೆ ಅದು ಒಳ್ಳೆಯ ಔಷಧಿ, ಆಂಟೆನಾಗೆ ವಿಷ. ಬೆಲ್ಲ ತೇವ ಹೀರುತ್ತದೆ. ಬಿಸಿಲಿಗೆ ಒಣಗಿದಾಗ ತೊಂದರೆಯಿಲ್ಲ. ಸಂಜೆಯ ಇಬ್ಬನಿಗೋ ಮಳೆಗೋ ಒದ್ದೆಯಾದರೆ ಎರಡು ವೈರಿನ ತುದಿಗಳ ನಡುವೆ ಸೇತುವೆಯಾಗಿ, ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ. ಕೆಳಗಿರುವ ಬೂಸ್ಟರು ಬಂದ ಸಿಗ್ನಲನ್ನು ಹೆಚ್ಚಿಸುತ್ತದೆಯೇ ಹೊರತು ಬಾರದ್ದನ್ನು ಹುಟ್ಟಿಸಲಾರದು. ಮಧ್ಯಾಹ್ನಕ್ಕೂ ಸಂಜೆಗೂ ಇದ್ದ ವ್ಯತ್ಯಾಸ ಇಷ್ಟೇ.

ಹೆಂಚು ಒಡೆದರೆ ಒಡೆಯಲಿ ಎಂದು ಏಣಿ ಹಾಕಿ ಹತ್ತಿದೆ. ಗಂಟಿನ ಸುತ್ತ ಕಂದು ಅಂಟು, ಅದರಲ್ಲಿ ಸತ್ತ ಇರುವೆ, ಹಸಿರುಗಟ್ಟಿದ ತಾಮ್ರ. ಚಾಕುವಿನಿಂದ ಕೆರೆದು, ಅಂಗಿಯ ತುದಿಯಲ್ಲಿ ಒರೆಸಿದೆ. ಅಷ್ಟೂ ಹೊತ್ತು ಹೆಂಚಿನ ಕೆಳಗಿನಿಂದ ಪದ ಕೇಳುತ್ತಲೇ ಇತ್ತು. ಆಮೇಲೆ ಪದ ಮುಗಿಯಿತು. ತಂತಿಯ ತುದಿ ಕತ್ತರಿಸಿ ಹೊಸದಾಗಿ ಬಿಗಿದೆ. ಅದರ ಹಿಂದೆಯೇ ಕೂಗು: "ಬಂತು ಬಂತು!"

ಇಳಿದು ಬಂದು ನೋಡಿದೆ. ಯಾರೋ ಅಧಿಕಾರಿ ರಾಗಿ ಬಿತ್ತನೆಯ ವಿಷಯ ಮಾತಾಡುತ್ತಿದ್ದರು. ಅವರ ಅಂಗಿಯ ಗುಂಡಿ ಎಣಿಸಬಹುದಿತ್ತು, ಚಿತ್ರ ಅಷ್ಟು ಸ್ಪಷ್ಟ.

"ಈವಪ್ಪನ್ನ ನೋಡಕ್ಕಾ ನಾನು ಎಣ್ಣೆ ಅಚ್ಕೊಂಡು ಕುಂತಿದ್ದು?" ಎಂದರು ಪುಟ್ಟಸಿದ್ದಮ್ಮ. ಎಲ್ಲರೂ ನಕ್ಕರು, ಮಹದೇವನೊಬ್ಬನನ್ನು ಬಿಟ್ಟು. ಅದನ್ನು ಕಂಡು ಅವರು, "ಅವನ್ನ ಬಯ್ಬ್ಯಾಡಿ ಕಣಪ್ಪ, ಮೆತ್ತು ಅಂದೋಳು ನಾನೇಯಾ" ಎಂದರು. ಆಮೇಲೆ ಮೆಲ್ಲಗೆ, "ನನ್ ದನಿ ದಿನಾ ಕೇಳ್ತೀನಿ ಬುಡು. ಪದ ಏಳೋವಾಗ ಎಂಗ್ ಕಾಣ್ತೀನಿ ಅಂತ ಒಂದ್ಸಲ ನೋಡ್ಬೇಕಿತ್ತು."

ಮತ್ತೊಮ್ಮೆ ಹಾಕಿರೆಂದು ಮಹದೇವ ಟೀವಿ ಕೇಂದ್ರಕ್ಕೆ ಪತ್ರ ಬರೆಸಿದ. ನಾವು ಕಂಡಂತೆ ಅದು ಮತ್ತೆ ಬರಲಿಲ್ಲ. ಪುಟ್ಟಸಿದ್ದಮ್ಮ ಅದನ್ನು ನೋಡದೆಯೇ ಹೋದರು. ವೋಲ್ಟೇಜ್ ಲೆಕ್ಕ ತಪ್ಪಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ, ಯಾವ ಮೆಕ್ಯಾನಿಕ್ಕಿಗೂ ತಪ್ಪುತ್ತದೆ. ಆದರೆ ನನ್ನ ಲಾಭ ಕಾಯಲು ಕಟ್ಟಿದ ಆ ಗ್ಯಾರಂಟಿ ಮಾತು ಒಬ್ಬ ಒಳ್ಳೆಯ ಮಗನ ಬಾಯಿ ಕಟ್ಟಿತಲ್ಲ, ಅದು ಇಂದಿಗೂ ಚುಚ್ಚುತ್ತದೆ. ಆಮೇಲೆ ಗ್ಯಾರಂಟಿಯ ಮಾತನ್ನೇ ಬದಲಿಸಿದೆ: "ಮುಟ್ಟಿದರೆ ಪರವಾಗಿಲ್ಲ, ಮುಟ್ಟಿದ್ದನ್ನು ಹೇಳಿ."

ನಿಮಗೂ ಅದನ್ನೇ ಹೇಳುತ್ತೇನೆ. ಮೆಕ್ಯಾನಿಕ್ ಬಂದಾಗ ಯಂತ್ರ ಏನು ಮಾಡುತ್ತಿದೆ ಎನ್ನುವ ಮೊದಲು ನೀವು ಅದಕ್ಕೆ ಏನು ಮಾಡಿದಿರಿ ಎಂದು ಹೇಳಿ. ಬೈದರೆ ಬೈಸಿಕೊಳ್ಳಿ, ಅಗ್ಗವಾಗುತ್ತದೆ. ಮಾಳಿಗೆ ಮೇಲಿನ ಗಂಟಿಗೆ ರಬ್ಬರ್ ಟೇಪ್ ಸುತ್ತಿ, ಅಡುಗೆಮನೆಯ ಸಾಮಾನು ಬೇಡ. ಬೂಸ್ಟರ್ ಕೊಳ್ಳುವ ಮುಂಚೆ ಆ ಗಂಟನ್ನು ಬಿಚ್ಚಿಸಿ ನೋಡಿ. ಮತ್ತೆ ಬಾರದ ಕಾರ್ಯಕ್ರಮ ಏನಾದರೂ ಇದ್ದರೆ, ಹಿಂದಿನ ದಿನವೇ ಟೀವಿ ಹಾಕಿ ಪರೀಕ್ಷಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲ, ಅದೇ ಹೊತ್ತಿಗೆ.